ಗ್ರಾಮೀಣ ಶೌಚಾಲಯ ಯೋಜನೆಗಳ ಪರಿಭಾಷೆ: ಒಂದು ವಿಮರ್ಶೆ

೧

ಸರ್ಕಾರದ ಯೋಜನೆಯೊಂದರ ಗುಣದೋಷಗಳನ್ನು ತೂಗಿ ನೋಡುವ ಕೆಲಸ ಅರ್ಥಶಾಸ್ತ್ರಜ್ಞರಿಗೂ ಆಡಳಿತಗಾರರಿಗೂ ಸೇರಿದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಅದರಲ್ಲಿ ಸತ್ಯಾಂಶವಿಲ್ಲವೆಂದಲ್ಲ. ಆದರೆ ಯಾವ ಯೋಜನೆಯಾದರೂ ಮೊದಲು ಮಾತಿನಲ್ಲಿ ರೂಪುಗೊಂಡು ಆಮೇಲೆ ಇಟ್ಟಿಗೆ ಗಾರೆಗಳಲ್ಲಿ ನಿಲ್ಲುತ್ತದೆ. ಅದು ಯಾರನ್ನು ಏನೆಂದು ಕರೆಯುತ್ತದೆ, ಕೊಡುವುದನ್ನು ಯಾವ ಹೆಸರಿನಿಂದ ಕೊಡುತ್ತದೆ, ಕೆಲಸ ಮುಗಿಯಿತೆಂಬುದನ್ನು ಯಾವ ಪದದಿಂದ ಸಾರುತ್ತದೆ ಎಂಬುದನ್ನು ಪರೀಕ್ಷಿಸುವುದು ಭಾಷೆಯನ್ನು ಅಭ್ಯಾಸ ಮಾಡುವವರ ಕೆಲಸವೂ ಹೌದು. ಗ್ರಾಮಗಳ ಬಡಕುಟುಂಬಗಳಿಗೆ, ವಿಶೇಷವಾಗಿ ಊರಿನ ಅಂಚಿನಲ್ಲಿ ಬದುಕುವ ಕೇರಿ, ಹಟ್ಟಿ, ತಾಂಡಾಗಳ ಕುಟುಂಬಗಳಿಗೆ, ಮನೆಗೊಂದು ಶೌಚಾಲಯವನ್ನು ಒದಗಿಸುವ ಯೋಜನೆಗಳನ್ನು ಈ ದೃಷ್ಟಿಯಿಂದ ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲಿಗೆ ಕನ್ನಡದ ಮಾತುಗಳನ್ನೇ ಗಮನಿಸೋಣ. ಈ ದೇಹಕ್ರಿಯೆಗೆ ನಮ್ಮ ಜನ ಬಳಸುತ್ತ ಬಂದಿರುವ ಸಭ್ಯವಾದ ಮಾತುಗಳು ‘ಹೊರಕಡೆಗೆ ಹೋಗುವುದು’, ‘ಬಯಲಕಡೆಗೆ ಹೋಗುವುದು’, ‘ಚೆಂಬು ತೆಗೆದುಕೊಂಡು ಹೋಗುವುದು’, ‘ಬಹಿರ್ದೆಸೆ’ ಎಂಬಂಥವು. ಇವೆಲ್ಲ ಕ್ರಿಯೆಯ ಹೆಸರುಗಳಲ್ಲ, ಸ್ಥಳದ ಮತ್ತು ದಿಕ್ಕಿನ ಹೆಸರುಗಳು. ಎಲ್ಲವೂ ಮನೆಯಿಂದ ಹೊರಕ್ಕೆ ಬೆರಳು ತೋರಿಸುತ್ತವೆ. ಮನೆಯೊಳಗಿನ ಕೋಣೆಗೆ ನಮ್ಮಲ್ಲಿರುವ ಹೆಸರುಗಳಾದರೋ ಎಲ್ಲವೂ ಎರವಲು. ‘ಪಾಯಿಖಾನೆ’ ಪಾರಸಿಯಿಂದ ಬಂದದ್ದು, ‘ಕಕ್ಕಸು’ ಡಚ್ಚರ ಮಾತಿನಿಂದ ಬಂದದ್ದೆಂದು ಹೇಳುತ್ತಾರೆ, ‘ಶೌಚಾಲಯ’ ಸಂಸ್ಕೃತ, ‘ಟಾಯ್ಲೆಟ್’ ಇಂಗ್ಲಿಷು. ಸ್ನಾನದ ಜಾಗಕ್ಕೆ ‘ಬಚ್ಚಲು’ ಎಂಬ ಮಾತು ಹಳ್ಳಿಯ ಮನೆಮನೆಯಲ್ಲೂ ಇದೆ, ಅಡುಗೆಮನೆಗೆ, ಹಿತ್ತಲಿಗೆ, ಕೊಟ್ಟಿಗೆಗೆ, ಪಡಸಾಲೆಗೆ ಇದೆ. ಈ ಒಂದಕ್ಕೆ ಮಾತ್ರ ಇಲ್ಲ. ಮನೆಯ ಕಲ್ಪನೆಯಲ್ಲಿ ಇಲ್ಲದ ವಸ್ತುವಿಗೆ ಭಾಷೆ ಹೆಸರಿಡಲಿಲ್ಲ ಎಂದರೆ ತಪ್ಪಾಗಲಾರದು. ‘ಶೌಚ’ವೆಂದರೆ ಶುಚಿತ್ವ, ಮಲವಿಸರ್ಜನೆ ವಾಸಸ್ಥಾನದಿಂದ ದೂರದಲ್ಲಿ ನಡೆಯಬೇಕೆಂಬುದು ಧರ್ಮಶಾಸ್ತ್ರಗಳ ಶೌಚವಿಧಿಯ ಭಾಗ. ಆ ಹಳೆಯ ಅರ್ಥದಲ್ಲಿ ಮನೆಗೆ ಅಂಟಿಕೊಂಡ ‘ಶೌಚಾಲಯ’ ಎಂಬುದೇ ಒಂದು ವಿರೋಧಾಭಾಸ.

ಆದರೆ ಈ ‘ಹೊರಗು’ ಎಲ್ಲರಿಗೂ ಒಂದೇ ಅಲ್ಲವೆಂಬುದನ್ನು ಇದರೊಡನೆಯೇ ಹೇಳಬೇಕು. ವಚನಕಾರರ ಪರಿಭಾಷೆಯಲ್ಲಿ ‘ಬಯಲು’ ಎಂಬುದು ಎಲ್ಲೆಯಿಲ್ಲದ ಪರಮಾರ್ಥದ ಹೆಸರು. ಹಳ್ಳಿಯ ಬಯಲಿಗೆ ಎಲ್ಲೆಯಿದೆ, ಒಡೆಯನಿದ್ದಾನೆ, ಕಾವಲಿದೆ. ಜಮೀನುಳ್ಳವನು ತನ್ನ ಹೊಲದ ಬದುವಿಗೆ ಹೋಗುತ್ತಾನೆ. ಜಮೀನಿಲ್ಲದವನು ಇನ್ನೊಬ್ಬನ ಹೊಲಕ್ಕೋ ರಸ್ತೆಯ ಅಂಚಿಗೋ ಕೆರೆಯ ಹಿಂದಕ್ಕೋ ಹೋಗಬೇಕು. ಗೋಮಾಳ ಒತ್ತುವರಿಯಾದಷ್ಟೂ, ಹೊಲಗಳಿಗೆ ತಂತಿಬೇಲಿ ಬಿದ್ದಷ್ಟೂ ಅವನ ಬಯಲು ಕುಗ್ಗುತ್ತದೆ. ಹೆಂಗಸರಿಗಂತೂ ಬಯಲಿನ ಜೊತೆಗೆ ಕತ್ತಲೂ ಬೇಕು. ನಸುಕಿಗೆ ಮುಂಚೆ ಇಲ್ಲವೆ ಸಂಜೆ ಕಳೆದ ಮೇಲೆ. ಆದಕಾರಣ ಬಡಕುಟುಂಬಕ್ಕೆ ಶೌಚಾಲಯದ ಪ್ರಶ್ನೆ ಆರೋಗ್ಯದ ಪ್ರಶ್ನೆಯಾಗುವುದಕ್ಕೆ ಮೊದಲು ನೆಲದ ಪ್ರಶ್ನೆ.

೨

ಈ ಯೋಜನೆಗಳ ಚರಿತ್ರೆ ಸಂಕ್ಷೇಪವಾಗಿ ಹೀಗಿದೆ. ಕೇಂದ್ರ ಸರ್ಕಾರದ ಗ್ರಾಮೀಣ ನೈರ್ಮಲ್ಯ ಕಾರ್ಯಕ್ರಮ ೧೯೮೬ರಲ್ಲಿ ಆರಂಭವಾಯಿತು. ೧೯೯೯ರಲ್ಲಿ ಅದನ್ನು ಸಂಪೂರ್ಣ ಸ್ವಚ್ಛತಾ ಆಂದೋಲನವಾಗಿ ಮಾರ್ಪಡಿಸಿ, ಸಹಾಯಧನವನ್ನು ಕುಗ್ಗಿಸಿ, ಜನರಲ್ಲಿ ಬೇಡಿಕೆಯನ್ನು ಹುಟ್ಟಿಸುವುದೇ ಮುಖ್ಯವೆಂದು ಸಾರಲಾಯಿತು. ೨೦೦೩ರಲ್ಲಿ ಗ್ರಾಮಪಂಚಾಯಿತಿಗಳಿಗಾಗಿ ನಿರ್ಮಲ ಗ್ರಾಮ ಪುರಸ್ಕಾರ ಬಂದಿತು. ೨೦೧೨ರಲ್ಲಿ ಯೋಜನೆಯ ಹೆಸರು ನಿರ್ಮಲ ಭಾರತ ಅಭಿಯಾನವೆಂದಾಯಿತು. ೨೦೧೪ರ ಅಕ್ಟೋಬರ್ ೨ರಂದು ಸ್ವಚ್ಛ ಭಾರತ ಅಭಿಯಾನ ಪ್ರಾರಂಭವಾಗಿ, ಗಾಂಧೀಜಿಯವರ ನೂರೈವತ್ತನೆಯ ಜಯಂತಿಯಾದ ೨೦೧೯ರ ಅಕ್ಟೋಬರ್ ೨ರಂದು ಗ್ರಾಮೀಣ ಭಾರತ ಬಯಲು ಬಹಿರ್ದೆಸೆಯಿಂದ ಮುಕ್ತವಾಯಿತೆಂದು ಅಹಮದಾಬಾದಿನಲ್ಲಿ ಘೋಷಿತವಾಯಿತು. ಈ ಐದು ವರ್ಷಗಳಲ್ಲಿ ಕಟ್ಟಿದ ಶೌಚಾಲಯಗಳು ಹತ್ತು ಕೋಟಿಗೂ ಹೆಚ್ಚೆಂಬುದು ಸರ್ಕಾರದ ಲೆಕ್ಕ.

ವಿಮರ್ಶಕನು ಮೊದಲು ಸಲ್ಲಬೇಕಾದುದನ್ನು ಸಲ್ಲಿಸಬೇಕು. ೨೦೧೧ರ ಜನಗಣತಿಯ ಪ್ರಕಾರ ಗ್ರಾಮೀಣ ಭಾರತದಲ್ಲಿ ಮನೆಯ ಆವರಣದೊಳಗೆ ಶೌಚಾಲಯವಿದ್ದ ಕುಟುಂಬಗಳು ಶೇಕಡ ೩೦.೭ ಮಾತ್ರ, ಕರ್ನಾಟಕದ ಗ್ರಾಮಗಳಲ್ಲಿ ಶೇಕಡ ೨೮.೪. ಗ್ರಾಮ ನಗರಗಳನ್ನು ಒಟ್ಟಾಗಿ ಎಣಿಸಿದರೂ ಶೌಚಾಲಯವಿದ್ದದ್ದು ಪರಿಶಿಷ್ಟ ಜಾತಿಯ ಕುಟುಂಬಗಳಲ್ಲಿ ಮೂರರಲ್ಲೊಂದು ಭಾಗಕ್ಕೆ, ಪರಿಶಿಷ್ಟ ಪಂಗಡಗಳಲ್ಲಿ ಕಾಲುಭಾಗಕ್ಕೂ ಕಡಮೆ. ಅಲ್ಲಿಂದ ಮುಂದೆ ಆದ ಬದಲಾವಣೆ ಅಲ್ಪವಲ್ಲ. ೨೦೧೫–೧೬ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಯಾವ ಶೌಚಾಲಯವನ್ನೂ ಬಳಸದ ಗ್ರಾಮೀಣ ಕುಟುಂಬಗಳು ಶೇಕಡ ೫೪ ಇದ್ದವು. ೨೦೧೯–೨೧ರ ಸಮೀಕ್ಷೆಯಲ್ಲಿ ಅವು ಶೇಕಡ ೨೬ಕ್ಕೆ ಇಳಿದಿದ್ದವು. ಕೋಟ್ಯಂತರ ಹೆಂಗಸರು ಕತ್ತಲಿಗಾಗಿ ಕಾಯುವುದು ತಪ್ಪಿತೆಂದರೆ ಅದನ್ನು ಹಗುರವಾಗಿ ಕಾಣುವುದು ಯಾವ ವಿಮರ್ಶೆಗೂ ಶೋಭಿಸುವುದಿಲ್ಲ.

ಆದರೆ ಇದೇ ಅಂಕಿಯನ್ನು ಇನ್ನೊಂದು ಬಗೆಯಲ್ಲಿಯೂ ಓದಬಹುದು. ‘ಮುಕ್ತ’ವೆಂದು ಸಾರಿದ ಕಾಲದ ಆಸುಪಾಸಿನಲ್ಲಿಯೇ ಗ್ರಾಮಗಳ ನಾಲ್ಕು ಕುಟುಂಬಗಳಲ್ಲಿ ಒಂದು ಬಯಲಿನಲ್ಲಿಯೇ ಉಳಿದಿತ್ತು. ಆ ನಾಲ್ಕನೆಯ ಕುಟುಂಬ ಯಾವುದು, ಅದು ಯಾವ ಮಾತಿನ ಸಂದಿಯಲ್ಲಿ ಜಾರಿಹೋಯಿತು ಎಂಬುದೇ ಇಲ್ಲಿ ವಿಚಾರಿಸತಕ್ಕ ವಿಷಯ.

೩

ಈ ಯೋಜನೆಗಳಲ್ಲಿ ಶೌಚಾಲಯ ಪಡೆಯುವವನ ಹೆಸರು ‘ಫಲಾನುಭವಿ’. ಪದ ಕಿವಿಗೆ ಇಂಪಾಗಿದೆ. ಆದರೆ ಫಲವನ್ನು ಅನುಭವಿಸುವವನು ಮರವನ್ನು ನೆಟ್ಟವನೂ ಅಲ್ಲ, ತೋಟದ ಒಡೆಯನೂ ಅಲ್ಲ. ಮತ್ತೊಬ್ಬರ ಔದಾರ್ಯದಿಂದ ಅವನ ಕೈಗೆ ಹಣ್ಣು ಬಂದಿದೆ. ಕೊಡದೆ ಹೋದರೆ ಏಕೆ ಕೊಡಲಿಲ್ಲವೆಂದು ಕೇಳುವ ಅಧಿಕಾರವನ್ನು ಈ ಪದ ಅವನಿಗೆ ಕೊಡುವುದಿಲ್ಲ.

ಫಲಾನುಭವಿ ಯಾರಾಗಬಹುದೆಂಬುದನ್ನು ೨೦೧೪ರ ಯೋಜನೆಯ ನಿಯಮಗಳು ವಿವರಿಸುತ್ತವೆ. ಬಡತನದ ರೇಖೆಯ ಕೆಳಗಿನ ಎಲ್ಲ ಕುಟುಂಬಗಳು. ರೇಖೆಯ ಮೇಲಿರುವವರಲ್ಲಿ ಪರಿಶಿಷ್ಟ ಜಾತಿ ಪಂಗಡಗಳವರು, ಸಣ್ಣ ಮತ್ತು ಅತಿಸಣ್ಣ ರೈತರು, ಅಂಗವಿಕಲರು, ಹೆಂಗಸರೇ ಯಜಮಾನರಾದ ಕುಟುಂಬಗಳು, ಮತ್ತು ‘ಮನೆಯ ನಿವೇಶನವುಳ್ಳ ಭೂರಹಿತ ಕಾರ್ಮಿಕರು’. ಈ ಕೊನೆಯ ವಿಶೇಷಣದ ಮೇಲೆ ಓದುಗರು ಗಮನವಿಡಬೇಕು. ಭೂಮಿಯಿಲ್ಲದವನಿಗೆ ಕೊಡುತ್ತೇವೆ, ಆದರೆ ನಿವೇಶನವಿರಬೇಕು. ಆಡಳಿತದ ದೃಷ್ಟಿಯಿಂದ ಇದು ಸಹಜವಾದ ನಿಬಂಧನೆ. ಗುಂಡಿ ತೋಡುವುದಕ್ಕೆ ನೆಲ ಬೇಕಷ್ಟೆ. ಆದರೆ ಅಂಚಿನ ಕುಟುಂಬಗಳ ಬಡತನದ ತಿರುಳೇ ಈ ನೆಲವಿಲ್ಲದಿರುವಿಕೆ. ಒಡೆಯನ ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡವನು, ಸರ್ಕಾರಿ ಜಾಗದಲ್ಲಿ ಎರಡು ತಲೆಮಾರಿನಿಂದ ಹಕ್ಕುಪತ್ರವಿಲ್ಲದೆ ಇರುವವನು, ಹತ್ತಡಿಯ ಮನೆಯಲ್ಲಿ ಅಣ್ಣತಮ್ಮಂದಿರ ಮೂರು ಸಂಸಾರಗಳನ್ನು ನಡೆಸುತ್ತಿರುವವನು ಎಲ್ಲಿ ಗುಂಡಿ ತೋಡಬೇಕು? ಶಿವರಾಮ ಕಾರಂತರ ಚೋಮ ೧೯೩೩ರಲ್ಲಿ ಬಯಸಿದ್ದು ಉಳುವುದಕ್ಕೆ ಒಂದು ತುಂಡು ನೆಲ. ಅವನ ಸಂತತಿಯವರು ಇಂದು ಕೇಳುವುದು ಅದಕ್ಕಿಂತಲೂ ಕಿರಿದಾದ ಒಂದು ತುಂಡು. ಅದಕ್ಕೂ ದಾಖಲೆ ಬೇಕು.

ಈ ವಿಷಯದಲ್ಲಿ ಕರ್ನಾಟಕದ ಅನುಭವ ಬೋಧಪ್ರದವಾಗಿದೆ. ಲಂಬಾಣಿ ತಾಂಡಾ, ಗೊಲ್ಲರಹಟ್ಟಿ, ವಡ್ಡರಹಟ್ಟಿ, ನಾಯಕರಹಟ್ಟಿ ಮೊದಲಾದ ದಾಖಲೆಯಿಲ್ಲದ ಜನವಸತಿಗಳಲ್ಲಿ ವಾಸಿಸುವವರಿಗೆ ಅವರು ಕುಳಿತ ನೆಲದ ಒಡೆತನ ಸಿಕ್ಕುವಂತೆ ರಾಜ್ಯದ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿಯಾಗಿ, ೨೦೧೭ರಿಂದ ಅಂಥ ವಸತಿಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡುವ ಕೆಲಸ ನಡೆಯಿತು. ೨೦೨೩ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಮೀರಿದ ಕುಟುಂಬಗಳಿಗೆ ಹಕ್ಕುಪತ್ರಗಳ ವಿತರಣೆಯಾಯಿತು. ಗ್ರಾಮೀಣ ಭಾರತ ಮುಕ್ತವಾಯಿತೆಂಬ ಘೋಷಣೆ ೨೦೧೯ರದು. ಈ ಕುಟುಂಬಗಳಿಗೆ ನೆಲದ ಹಕ್ಕು ದೊರೆತದ್ದು ೨೦೨೩ರಲ್ಲಿ. ಈ ಎರಡು ತಾರೀಖುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಯಾವುದು ಮೊದಲಾಗಬೇಕಿತ್ತೋ ಅದು ಆಮೇಲೆ ಆಯಿತೆಂಬುದು ಸ್ಪಷ್ಟವಾಗುತ್ತದೆ.

ಪಟ್ಟಿಯ ವಿಷಯವೂ ಇಂಥದೇ. ೨೦೧೪ರ ಯೋಜನೆ ತನ್ನ ಗುರಿಯನ್ನು ೨೦೧೨ರ ಮೂಲಸಮೀಕ್ಷೆಯ ಪಟ್ಟಿಯಿಂದ ಪಡೆಯಿತು. ಆ ಪಟ್ಟಿಯಲ್ಲಿ ಹೆಸರಿದ್ದವರಿಗೆಲ್ಲ ಕಟ್ಟಿಸಿದರೆ ಗುರಿ ಮುಟ್ಟಿದಂತೆ. ಗಣತಿಯ ದಿನ ಕೂಲಿಗಾಗಿ ಗುಳೆ ಹೋಗಿದ್ದವರು, ಆಮೇಲೆ ಬೇರೆಯಾದ ಸಂಸಾರಗಳು, ಹೇಗೋ ಬಿಟ್ಟುಹೋದವರು ಮೊದಲಿನ ಲೆಕ್ಕದಲ್ಲಿ ಇರಲೇ ಇಲ್ಲ. ಅವರನ್ನು ಸೇರಿಸಿಕೊಳ್ಳುವ ಪ್ರಯತ್ನಗಳು ಮುಂದೆ ನಡೆದವೆಂಬುದು ನಿಜ. ಆದರೂ ಪಟ್ಟಿಯನ್ನೇ ಊರೆಂದು ಭಾವಿಸುವ ಅಭ್ಯಾಸ ಅಲ್ಲಿಗೆ ನಿಲ್ಲಲಿಲ್ಲ.

೪

ಎರಡನೆಯ ಪದ ‘ಪ್ರೋತ್ಸಾಹಧನ’. ಮೊತ್ತ ೧೨,೦೦೦ ರೂಪಾಯಿ. ಕರ್ನಾಟಕ ಪರಿಶಿಷ್ಟ ಕುಟುಂಬಗಳಿಗೆ ಇದಕ್ಕಿಂತ ಹೆಚ್ಚಾಗಿಯೇ ಕೊಟ್ಟಿತು. ಇಲ್ಲಿ ಮೊತ್ತಕ್ಕಿಂತ ಹೆಸರು ಮುಖ್ಯ. ‘ಸಹಾಯಧನ’ವೆಂದರೆ ಇಲ್ಲದವನಿಗೆ ನೆರವು. ‘ಪ್ರೋತ್ಸಾಹಧನ’ವೆಂದರೆ ಮಾಡಬಲ್ಲವನಿಗೆ ಹುರುಪು. ಮೊದಲನೆಯದು ಕೊರತೆ ಜೇಬಿನಲ್ಲಿದೆಯೆಂದು ಊಹಿಸುತ್ತದೆ. ಎರಡನೆಯದು ಕೊರತೆ ಮನಸ್ಸಿನಲ್ಲಿದೆಯೆಂದು ಊಹಿಸುತ್ತದೆ. ೧೯೯೯ರಲ್ಲಿ ಆದ ಪಲ್ಲಟ ಈ ಪದದೊಳಗೆ ಅಡಗಿದೆ.

ಪದಕ್ಕೆ ತಕ್ಕಂತೆ ಪದ್ಧತಿಯೂ ರೂಪುಗೊಂಡಿತು. ಸಾಮಾನ್ಯವಾಗಿ ಕುಟುಂಬ ಮೊದಲು ಕಟ್ಟಬೇಕು. ಕಟ್ಟಿದ್ದಕ್ಕೆ ಛಾಯಾಚಿತ್ರದ ಪ್ರಮಾಣವಾದ ಮೇಲೆ ಹಣ ಖಾತೆಗೆ ಬರುತ್ತದೆ. ಕೈಯಲ್ಲಿ ಹಣವಿದ್ದವನಿಗೆ ಇದು ತೊಂದರೆಯಲ್ಲ. ದಿನಗೂಲಿಯವನು ಸಿಮೆಂಟು, ಇಟ್ಟಿಗೆ, ತಗಡು, ಗಾರೆಯವನ ಕೂಲಿ ಇವುಗಳನ್ನೆಲ್ಲ ಮುಂಗಡವಾಗಿ ಹೊಂದಿಸುವುದಕ್ಕೆ ಸಾಲ ಮಾಡಬೇಕು. ಬಡ್ಡಿ ಅವನದು, ಹಣ ಬರುವ ದಿನ ಮಾತ್ರ ಅವನ ಕೈಯಲ್ಲಿಲ್ಲ. ಇಲ್ಲವೆ ಗುತ್ತಿಗೆದಾರನೊಬ್ಬ ಕಟ್ಟಿಕೊಟ್ಟು ಆ ಹಣವನ್ನು ಪಡೆಯುತ್ತಾನೆ. ಆಗ ಗುಂಡಿಯ ಆಳ, ಬಾಗಿಲಿನ ಗಟ್ಟಿತನ ಯಾವುದರ ಮೇಲೂ ಮನೆಯವರ ಮಾತು ನಡೆಯುವುದಿಲ್ಲ. ಹಿಂದಿನ ಎರಡು ಯೋಜನೆಗಳನ್ನು ಪರಿಶೀಲಿಸಿದ ಮಹಾಲೇಖಪಾಲರ ೨೦೧೫ರ ವರದಿಯಲ್ಲಿ, ಪರೀಕ್ಷಿಸಿದ ಮನೆ ಶೌಚಾಲಯಗಳಲ್ಲಿ ಶೇಕಡ ೩೦ಕ್ಕೂ ಹೆಚ್ಚು ನಿರುಪಯೋಗಿಯಾಗಿದ್ದುವೆಂದೂ, ಕಳಪೆಯಾದ ಕಟ್ಟಡ, ಅಪೂರ್ಣ ಕಾಮಗಾರಿ, ನಿರ್ವಹಣೆಯಿಲ್ಲದಿರುವುದು ಇದಕ್ಕೆ ಕಾರಣಗಳೆಂದೂ ಹೇಳಿದೆ.

ನೀರಿನ ವಿಷಯವನ್ನೂ ಇಲ್ಲಿಯೇ ಸೇರಿಸಿ ಹೇಳಬೇಕು. ಗ್ರಾಮಗಳಿಗೆಂದು ರೂಪಿಸಿದ, ಇಳಿಜಾರು ಹೆಚ್ಚಾಗಿರುವ ಬೇಸಿನಿಗೆ ಒಂದು ಸಲಕ್ಕೆ ಒಂದೂವರೆಯಿಂದ ಎರಡು ಲೀಟರು ನೀರು ಸಾಕು. ಆದರೂ ಐದು ಮಂದಿಯ ಸಂಸಾರಕ್ಕೆ ದಿನಕ್ಕೆ ಒಂದೆರಡು ಕೊಡವಾದರೂ ಹೆಚ್ಚು ಬೇಕು. ಆ ಕೊಡಗಳು ಬರುವುದು ಮನೆಯ ಹೆಂಗಸಿನ ಸೊಂಟದ ಮೇಲೆ. ಜಲಜೀವನ ಯೋಜನೆ ೨೦೧೯ರ ಆಗಸ್ಟಿನಲ್ಲಿ ಆರಂಭವಾದಾಗ ನಲ್ಲಿಯ ನೀರಿದ್ದ ಗ್ರಾಮೀಣ ಕುಟುಂಬಗಳು ಶೇಕಡ ಹದಿನೇಳರಷ್ಟು. ಅಂದರೆ ಹತ್ತು ಕೋಟಿ ಶೌಚಾಲಯಗಳು ಎದ್ದು ನಿಂತ ಮೇಲೆ ಮನೆಮನೆಗೆ ನೀರು ಕೊಡುವ ಸಂಕಲ್ಪ ಹುಟ್ಟಿತು. ಬಾವಿಯ ಬಳಿ, ನಲ್ಲಿಕಟ್ಟೆಯ ಬಳಿ ಕೇರಿಯವರ ಸರದಿ ಎಷ್ಟನೆಯದೆಂಬುದನ್ನು ಬಲ್ಲವರಿಗೆ ಈ ಒಂದೆರಡು ಕೊಡಗಳ ಭಾರ ತಿಳಿಯುತ್ತದೆ. ಪ್ರೋತ್ಸಾಹಧನದ ಲೆಕ್ಕದಲ್ಲಿ ಆ ಭಾರಕ್ಕೆ ಅಂಕಣವಿಲ್ಲ.

೫

ಇಷ್ಟರಲ್ಲಿ ಓದುಗರು ಒಂದು ಆಕ್ಷೇಪವನ್ನು ಎತ್ತಬಹುದು. ಹಣ, ನೀರು, ನಿವೇಶನ ಎಲ್ಲವೂ ಇದ್ದ ಕುಟುಂಬಗಳು ಕೂಡ ಶೌಚಾಲಯವನ್ನು ಬಳಸುವುದಿಲ್ಲವಲ್ಲ, ಅದಕ್ಕೇನು ಸಮಾಧಾನ? ಈ ಆಕ್ಷೇಪ ಬಲವಾದದ್ದು. ಡಯೇನ್ ಕಾಫಿ ಮತ್ತು ಡೀನ್ ಸ್ಪಿಯರ್ಸ್ ಎಂಬ ವಿದ್ವಾಂಸರು ೨೦೧೭ರಲ್ಲಿ ಪ್ರಕಟಿಸಿದ ‘ವೇರ್ ಇಂಡಿಯಾ ಗೋಸ್’ ಎಂಬ ಗ್ರಂಥ ಇದನ್ನೇ ವಿವೇಚಿಸುತ್ತದೆ. ಅವರೂ ಅವರ ಸಹೋದ್ಯೋಗಿಗಳೂ ಉತ್ತರ ಭಾರತದ ಐದು ರಾಜ್ಯಗಳಲ್ಲಿ ನಡೆಸಿ ೨೦೧೪ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಸುಸ್ಥಿತಿಯ ಶೌಚಾಲಯವಿದ್ದ ಮನೆಗಳ ಪೈಕಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮನೆಗಳಲ್ಲಿ ಒಬ್ಬರಾದರೂ ಬಯಲಿಗೆ ಹೋಗುತ್ತಿದ್ದರೆಂದು ಕಂಡುಬಂದಿತು. ಭಾರತಕ್ಕಿಂತ ಬಡವಾಗಿದ್ದ ದೇಶಗಳಲ್ಲಿ ಬಯಲುಶೌಚ ಇದಕ್ಕಿಂತ ಎಷ್ಟೋ ಕಡಮೆಯೆಂಬುದನ್ನು ತೋರಿಸಿ, ಬಡತನವೊಂದೇ ಕಾರಣವಾಗಲಾರದೆಂದು ಅವರು ವಾದಿಸುತ್ತಾರೆ. ಅವರ ಪ್ರಕಾರ ಮುಖ್ಯ ಕಾರಣ ಜಾತಿ ಮತ್ತು ಮಡಿಮೈಲಿಗೆಯ ಭಾವನೆ.

ಈ ವಾದದ ಕೇಂದ್ರದಲ್ಲಿರುವುದು ಗುಂಡಿ. ಸರ್ಕಾರ ಶಿಫಾರಸು ಮಾಡುವುದು ಎರಡು ಗುಂಡಿಯ ಪದ್ಧತಿ. ಸುಲಭ ಸಂಸ್ಥೆಯ ಬಿಂದೇಶ್ವರ ಪಾಠಕರು ೧೯೭೦ರಿಂದ ಮುಂದೆ ಇದನ್ನು ದೇಶದಲ್ಲಿ ಪ್ರಚಾರಕ್ಕೆ ತಂದರು. ಸುಮಾರು ಒಂದು ಮೀಟರು ಅಗಲದ ಎರಡು ಗುಂಡಿಗಳು. ಕೆಲವು ವರ್ಷಗಳಲ್ಲಿ ಒಂದು ತುಂಬಿದರೆ ಅದನ್ನು ಮುಚ್ಚಿ ಇನ್ನೊಂದಕ್ಕೆ ಹರಿಸುವುದು. ಮುಚ್ಚಿದ್ದು ಒಂದೆರಡು ವರ್ಷಗಳಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ. ತಿಪ್ಪೆಯ ಗೊಬ್ಬರವನ್ನು ಕೈಯಿಂದ ತುಂಬುವ ರೈತನಿಗೆ ಇದು ಕಷ್ಟವಾಗಬಾರದು. ಆದರೆ ಗುಂಡಿಯನ್ನು ಬರಿದುಮಾಡುವುದು ತನ್ನ ಕೆಲಸವಲ್ಲ, ಒಂದು ಜಾತಿಯ ಕೆಲಸವೆಂದು ಅವನು ತಿಳಿದಿದ್ದಾನೆ. ಆದ್ದರಿಂದ ಅನುಕೂಲಸ್ಥನು ಕೋಣೆಯಷ್ಟು ದೊಡ್ಡ ಗುಂಡಿಯನ್ನು ಕಟ್ಟಿಸುತ್ತಾನೆ. ಸರ್ಕಾರದ ಚಿಕ್ಕ ಗುಂಡಿ ಬೇಗ ತುಂಬೀತೆಂದು ಅದನ್ನು ಮುದುಕರಿಗೆ, ಮಳೆಗಾಲದ ರಾತ್ರಿಗೆ ಮೀಸಲಿಟ್ಟು ತಾನು ಬಯಲಿಗೆ ಹೋಗುತ್ತಾನೆ.

ಈ ವಿಶ್ಲೇಷಣೆಯನ್ನು ಒಪ್ಪದಿರಲು ಕಾರಣವಿಲ್ಲ. ಆದರೆ ಇದರ ವ್ಯಾಪ್ತಿಯನ್ನು ಗುರುತಿಸಬೇಕು. ಶೌಚಾಲಯವಿದ್ದವನು ಏಕೆ ಬಳಸುವುದಿಲ್ಲವೆಂಬ ಪ್ರಶ್ನೆಗೆ ಇದು ಉತ್ತರ. ಬೇಕೆಂದವನಿಗೆ ಏಕೆ ದೊರೆಯಲಿಲ್ಲವೆಂಬ ಪ್ರಶ್ನೆಗೆ ಇದು ಉತ್ತರವಲ್ಲ. ಮೊದಲನೆಯ ಪ್ರಶ್ನೆಯ ಉತ್ತರವನ್ನು ಎರಡನೆಯದಕ್ಕೆ ಹೊಂದಿಸಿ, ‘ಹಳ್ಳಿಯ ಜನಕ್ಕೇ ಬೇಕಿಲ್ಲ’ ಎಂದು ಕೈತೊಳೆದುಕೊಳ್ಳುವವರು ಅನೇಕರು. ಜಾತಿಯಿಂದ ನೊಂದವನ ಮೇಲೆಯೇ ಜಾತಿಭಾವನೆಯ ಆರೋಪವನ್ನು ಹೊರಿಸುವ ವಿಚಿತ್ರ ಸ್ಥಿತಿ ಇದರಿಂದ ಒದಗುತ್ತದೆ. ಆ ಗ್ರಂಥದ ಉದ್ದೇಶ ಇದಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. ದೋಷ ಅದನ್ನು ಅವಸರದಲ್ಲಿ ಉದ್ಧರಿಸುವವರದು.

ಜಾತಿಯ ವಿವೇಚನೆಯನ್ನು ಮಾಡುವುದಾದರೆ ಕೊನೆಯವರೆಗೂ ಮಾಡಬೇಕು. ಗಾಂಧೀಜಿ ಮಲ ಎತ್ತುವ ಕೆಲಸಕ್ಕೆ ಘನತೆಯನ್ನು ತರಲು ಹೆಣಗಿದರು. ತಾವೇ ಆ ಕೆಲಸವನ್ನು ಮಾಡಿ ತೋರಿಸಿದರು. ಡಾ. ಅಂಬೇಡ್ಕರರು ಆ ನಿಲುವನ್ನು ಒಪ್ಪಲಿಲ್ಲ. ಭಾರತದಲ್ಲಿ ಒಬ್ಬನು ಜಾಡಮಾಲಿಯಾಗುವುದು ಮಾಡುವ ಕೆಲಸದಿಂದಲ್ಲ, ಹುಟ್ಟಿನಿಂದ. ಆದಕಾರಣ ಕೆಲಸವನ್ನು ಹೊಗಳಿದರೆ ಬಂಧನವನ್ನು ಹೊಗಳಿದಂತೆ ಎಂಬುದು ಅವರ ವಾದದ ಸಾರ. ಕರ್ನಾಟಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಗಳಾಗಿದ್ದಾಗ, ೧೯೭೦ರ ದಶಕದಲ್ಲಿ, ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾಯಿದೆಗಳು ೧೯೯೩ರಲ್ಲಿಯೂ ೨೦೧೩ರಲ್ಲಿಯೂ ಬಂದವು. ಹೀಗಿದ್ದರೂ ೨೦೧೦ರ ಜುಲೈ ತಿಂಗಳಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಕುಟುಂಬಗಳ ಕೆಲವರು, ತಾವು ವಾಸವಾಗಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವ ಪ್ರಯತ್ನವನ್ನು ವಿರೋಧಿಸಿ, ಪುರಸಭೆಯ ಎದುರಿಗೆ ಮಲವನ್ನು ಮೈಗೆ ಬಳಿದುಕೊಂಡು ಪ್ರತಿಭಟಿಸಿದರು. ಸವಣೂರು ಹಳ್ಳಿಯಲ್ಲ, ಪಟ್ಟಣ. ಆದರೂ ನಮ್ಮ ವಿಷಯಕ್ಕೆ ಅದು ಹತ್ತಿರದ್ದು. ಊರಿನ ಕಕ್ಕಸುಗಳನ್ನು ತೊಳೆದವರಿಗೆ ಊರಿನಲ್ಲಿ ನಿವೇಶನವಿರಲಿಲ್ಲ. ಗುಂಡಿಯ ಪ್ರಶ್ನೆಯೂ ನೆಲದ ಪ್ರಶ್ನೆಯೂ ಬೇರೆಬೇರೆಯಲ್ಲ, ಒಂದೇ ಕುಟುಂಬದ ಬದುಕಿನಲ್ಲಿ ಕೂಡಿಕೊಂಡಿವೆಯೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹಳ್ಳಿಗಳಲ್ಲಿ ಎದ್ದಿರುವ ಕೋಟ್ಯಂತರ ಗುಂಡಿಗಳು ಒಂದೊಂದಾಗಿ ತುಂಬುವ ಕಾಲ ಬರುತ್ತಿದೆ, ಅನೇಕ ಕಡೆ ಬಂದಾಗಿದೆ. ಎರಡು ಗುಂಡಿ ಸರಿಯಾಗಿರುವಲ್ಲಿ ಭಯವಿಲ್ಲ. ಒಂದೇ ಗುಂಡಿಯಿರುವಲ್ಲಿ, ಹೀರುಯಂತ್ರದ ಗಾಡಿ ಹೋಗದ ಓಣಿಯಲ್ಲಿ, ಅದನ್ನು ಬರಿದುಮಾಡಲು ಯಾರನ್ನು ಕರೆಯುತ್ತಾರೆ? ಈ ಪ್ರಶ್ನೆಗೆ ಉತ್ತರ ಹೇಳದ ಶೌಚಾಲಯ ಯೋಜನೆ ಒಂದು ಮನೆಯ ಮಾನವನ್ನು ಕಾಪಾಡಿ ಇನ್ನೊಂದು ಮನೆಯ ಮಾನವನ್ನು ಕಳೆಯುತ್ತದೆ.

೬

ಮೂರನೆಯ ಪದ ‘ಮುಕ್ತ’. ‘ಬಯಲು ಬಹಿರ್ದೆಸೆ ಮುಕ್ತ ಗ್ರಾಮ’ ಎಂಬ ಫಲಕಗಳನ್ನು ನಮ್ಮ ಊರುಗಳ ಅಗಸೆಗಳಲ್ಲಿ ನೋಡಿದ್ದೇವೆ. ಬಹಿರ್ದೆಸೆಯೆಂದರೆ ಹೊರಗಣ ದಿಕ್ಕು. ಅದರ ಹಿಂದೆ ಮತ್ತೆ ‘ಬಯಲು’ ಸೇರಿಸಿದ್ದು ಪುನರುಕ್ತಿ. ಈ ಪುನರುಕ್ತಿಯಲ್ಲಿಯೂ ಒಂದು ಸತ್ಯವಿದೆ: ಬಹಿರ್ದೆಸೆಯೆಂಬ ಮಾತು ತನ್ನ ಮೂಲಾರ್ಥವನ್ನು ಕಳೆದುಕೊಂಡು ಕೇವಲ ಕ್ರಿಯೆಯ ಹೆಸರಾಗಿದೆ. ಅದು ಇರಲಿ. ‘ಮುಕ್ತ’ ಎಂಬ ಪದ ನಮ್ಮ ಪರಂಪರೆಯಲ್ಲಿ ಮನುಷ್ಯನಿಗೆ ಸಲ್ಲುವ ವಿಶೇಷಣ. ಬಂಧನದಿಂದ ಬಿಡುಗಡೆ ಹೊಂದಿದವನು ಮುಕ್ತ. ಫಲಕದಲ್ಲಿ ಅದು ಗ್ರಾಮಕ್ಕೆ ಸಲ್ಲುತ್ತದೆ. ಗ್ರಾಮ ಮುಕ್ತವಾದ ಮೇಲೆ ಅಲ್ಲಿ ಬಯಲಿಗೆ ಹೋಗುವವನು ಏನಾಗುತ್ತಾನೆ? ನಿನ್ನೆಯವರೆಗೆ ಅವನು ಸೌಲಭ್ಯವಿಲ್ಲದವನು. ಇಂದು ಊರಿನ ಕೀರ್ತಿಗೆ ಮಸಿ ಬಳಿದವನು. ಪದವೊಂದು ಹೀಗೆ ಬಡವನನ್ನು ಅಪರಾಧಿಯಾಗಿ ಮಾರ್ಪಡಿಸುತ್ತದೆ.

ಇದು ಕೇವಲ ಊಹೆಯಲ್ಲ. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಭಾವಖೇಡಿ ಗ್ರಾಮ ಬಯಲುಶೌಚ ಮುಕ್ತವೆಂದು ಘೋಷಿತವಾಗಿತ್ತು. ೨೦೧೯ರ ಸೆಪ್ಟೆಂಬರ್ ೨೫ರ ಬೆಳಗ್ಗೆ ಪಂಚಾಯಿತಿ ಕಟ್ಟಡದ ಬಳಿ ಬಯಲಿನಲ್ಲಿ ಕುಳಿತರೆಂದು ಇಬ್ಬರು ದಲಿತ ಮಕ್ಕಳನ್ನು ಅಲ್ಲಿ ಹೊಡೆದು ಕೊಂದರು. ಅವರ ಮನೆಯಲ್ಲಿ ಶೌಚಾಲಯವಿರಲಿಲ್ಲ. ರಾಷ್ಟ್ರದ ಘೋಷಣೆಗೆ ಆಗ ಉಳಿದಿದ್ದದ್ದು ಒಂದು ವಾರ. ಆ ಕೊಲೆಗೆ ಯೋಜನೆಯೇ ಕಾರಣವೆಂದು ಹೇಳುವುದು ಅನ್ಯಾಯವಾದೀತು. ಹಳೆಯ ಜಾತಿದ್ವೇಷಕ್ಕೆ ನೆಪಗಳ ಕೊರತೆಯಿರಲಿಲ್ಲ. ಆದರೆ ಕೊಡಬೇಕಾದುದನ್ನು ಕೊಡದೆ, ಕೊಟ್ಟಾಯಿತೆಂದು ಬರೆದ ಒಂದು ಪದ ಆ ಮಕ್ಕಳನ್ನು ಕಾಪಾಡಲಿಲ್ಲವೆಂಬುದೂ, ಅವರ ಮನೆಯ ಕೊರತೆಯನ್ನು ಮರೆಮಾಡಿತೆಂಬುದೂ ಅಷ್ಟೇ ಸತ್ಯ.

ನಾಚಿಕೆ ಹುಟ್ಟಿಸಿ ಜನರನ್ನು ತಿದ್ದುವ ಮಾರ್ಗವೊಂದು ಬಾಂಗ್ಲಾದೇಶದಲ್ಲಿ ಪ್ರಚಾರಕ್ಕೆ ಬಂದು ಭಾರತದ ಯೋಜನೆಗಳಿಗೂ ಹಬ್ಬಿತು. ಸಿಳ್ಳೆ ಊದುವ ನಿಗಾ ಸಮಿತಿಗಳು, ದಂಡದ ಬೆದರಿಕೆ, ಪಡಿತರ ನಿಲ್ಲಿಸುವ ಬೆದರಿಕೆ ಇವು ಅದರ ರೂಪಾಂತರಗಳು. ಬಿಹಾರ, ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ೨೦೧೮ರಲ್ಲಿ ನಡೆದ ಮರುಸಮೀಕ್ಷೆಯಲ್ಲಿ, ಬಯಲಿಗೆ ಹೋಗುವವರ ಪ್ರಮಾಣ ನಾಲ್ಕು ವರ್ಷಗಳಲ್ಲಿ ಸುಮಾರು ಶೇಕಡ ೭೦ರಿಂದ ೪೪ಕ್ಕೆ ಇಳಿದಿತ್ತೆಂದು ಕಂಡಿತು. ಒತ್ತಾಯದ ಯಾವುದಾದರೊಂದು ರೂಪವನ್ನು ಬಲ್ಲೆವೆಂದವರು ಅರ್ಧಕ್ಕಿಂತ ಹೆಚ್ಚು; ದಲಿತ ಆದಿವಾಸಿ ಕುಟುಂಬಗಳು ಅದಕ್ಕೆ ಗುರಿಯಾದದ್ದು ಉಳಿದವರಿಗಿಂತ ಅಧಿಕ. ಶೌಚಾಲಯವಿದ್ದೂ ಬಯಲಿಗೆ ಹೋಗುವವರ ಪ್ರಮಾಣ ಮಾತ್ರ, ಸುಮಾರು ನೂರಕ್ಕೆ ಇಪ್ಪತ್ತಮೂರು, ೨೦೧೪ರಲ್ಲಿದ್ದಂತೆಯೇ ಉಳಿದಿತ್ತು. ಒತ್ತಾಯದಿಂದ ಗೋಡೆ ಎದ್ದಿತು, ಮಡಿಯ ಭಾವನೆ ಅಲುಗಲಿಲ್ಲ. ಒತ್ತಾಯದ ಪೆಟ್ಟಾದರೋ ಅದೇ ಹಳೆಯ ಬೆನ್ನುಗಳ ಮೇಲೆ ಬಿದ್ದಿತು.

ಇನ್ನೊಂದು ಸಂಗತಿಯನ್ನು ಗಮನಿಸಬಹುದು. ೨೦೧೮ರ ಜುಲೈಯಿಂದ ಡಿಸೆಂಬರಿನವರೆಗೆ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಶೌಚಾಲಯವಿದೆಯೆಂದ ಗ್ರಾಮೀಣ ಕುಟುಂಬಗಳು ಶೇಕಡ ೭೧.೩. ಅದೇ ಕಾಲದಲ್ಲಿ ಯೋಜನೆಯ ಲೆಕ್ಕ ಶೇಕಡ ೯೦ನ್ನು ದಾಟಿತ್ತು. ಸರ್ಕಾರದಿಂದ ಇನ್ನೂ ಏನಾದರೂ ದೊರೆತೀತೆಂದು ಜನ ಇದ್ದುದನ್ನು ಇಲ್ಲವೆಂದಿರಬಹುದೆಂದು ಸಮಾಧಾನ ಹೇಳಲಾಯಿತು. ಆ ಸಮಾಧಾನ ಸ್ವಲ್ಪಮಟ್ಟಿಗೆ ನಿಜವೇ ಆಗಿರಬಹುದು. ಆದರೆ ಜನರನ್ನು ಫಲಾನುಭವಿಗಳೆಂದು ಕರೆದ ಮೇಲೆ ಅವರು ಫಲಾನುಭವಿಗಳಂತೆ ಉತ್ತರಿಸಿದರೆ ಆಶ್ಚರ್ಯವೇನು? ಹಕ್ಕನ್ನು ಬಲ್ಲವನು ಲೆಕ್ಕವನ್ನು ಸರಿಯಾಗಿ ಹೇಳುತ್ತಾನೆ. ಕೊಡುಗೆಗಾಗಿ ಕಾಯುವವನು ಕೊಡುವವನ ಮುಖ ನೋಡಿ ಹೇಳುತ್ತಾನೆ.

೭

ಈವರೆಗಿನ ವಿವೇಚನೆಯಿಂದ ಫಲಿಸುವುದೇನು? ಪದಗಳನ್ನು ಬದಲಾಯಿಸಿದರೆ ಶೌಚಾಲಯಗಳು ತಾವಾಗಿ ಏಳುತ್ತವೆಂದು ಹೇಳುವಷ್ಟು ಮುಗ್ಧತೆ ಭಾಷಾಭ್ಯಾಸಿಗಳಿಗೆ ಇರಬಾರದು. ಆದರೆ ತಪ್ಪಾದ ಪದ ತಪ್ಪಾದ ಲೆಕ್ಕಕ್ಕೆ ದಾರಿಮಾಡುತ್ತದೆ; ತಪ್ಪಾದ ಲೆಕ್ಕದಲ್ಲಿ ಒಂದು ಮನೆ ಬಿಟ್ಟುಹೋಗುತ್ತದೆ. ‘ಫಲಾನುಭವಿ’ಯ ಸ್ಥಾನದಲ್ಲಿ ‘ಹಕ್ಕುದಾರ’ ಎಂಬ ಮಾತು ಬಂದರೆ, ನಿವೇಶನವಿಲ್ಲವೆಂಬುದು ಅರ್ಜಿಯನ್ನು ತಳ್ಳಿಹಾಕುವ ಕಾರಣವಾಗದೆ ಮೊದಲು ಪರಿಹರಿಸಬೇಕಾದ ಕೊರತೆಯಾಗುತ್ತದೆ. ‘ಪ್ರೋತ್ಸಾಹಧನ’ವನ್ನು ‘ಕಟ್ಟಡದ ವೆಚ್ಚ’ವೆಂದು ಕರೆದರೆ, ಅದನ್ನು ಕಟ್ಟುವುದಕ್ಕೆ ಮುಂಚೆ ಕೊಡಬೇಕಾಗುತ್ತದೆ. ‘ಮುಕ್ತ’ವೆಂಬುದನ್ನು ಗ್ರಾಮದಿಂದ ತೆಗೆದು ಮನುಷ್ಯರಿಗೆ ಸೇರಿಸಿದರೆ, ಫಲಕ ಬರೆಯುವ ಮೊದಲು ಕಟ್ಟಕಡೆಯ ಮನೆಗೆ ಹೋಗಿ ಕೇಳಬೇಕಾಗುತ್ತದೆ.

ಇಂಥ ಯೋಜನೆಗಳ ವರದಿಗಳು ಇನ್ನು ಮುಂದೆಯೂ ಬರುತ್ತವೆ. ನಮ್ಮ ವಿದ್ಯಾರ್ಥಿಗಳು ಅವುಗಳನ್ನು ಓದುತ್ತಾರೆ, ಕೆಲವರು ನಾಳೆ ಅಧಿಕಾರಿಗಳಾಗಿ ಬರೆಯುತ್ತಾರೆ. ಅವರು ಎಷ್ಟು ಕಟ್ಟಿದರೆಂಬ ಅಂಕಿಯ ಪಕ್ಕದಲ್ಲಿ ನಾಲ್ಕು ಪ್ರಶ್ನೆಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಇದು ಯಾರ ನೆಲದಲ್ಲಿ ನಿಂತಿದೆ? ಮೊದಲು ಹಣ ಹಾಕಿದವರು ಯಾರು? ನೀರು ತರುವವರು ಯಾರು? ಗುಂಡಿ ತುಂಬಿದ ದಿನ ಅದರೊಳಕ್ಕೆ ಇಳಿಯುವವರು ಯಾರು? ಈ ನಾಲ್ಕಕ್ಕೂ ಉತ್ತರ ಒಂದೇ ಕೇರಿಯ ಕಡೆಗೆ ಬೆರಳು ತೋರಿಸುವವರೆಗೆ ವರದಿಯಲ್ಲಿ ಯಾವ ಅಂಕಿ ಬರೆದಿದ್ದರೂ ಕೆಲಸ ಮುಗಿದಿಲ್ಲವೆಂದೇ ತಿಳಿಯಬೇಕು. ಊರು, ಕೇರಿ ಎಂಬ ಎರಡು ಮಾತುಗಳನ್ನು ಸೇರಿಸಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂದು ಹೆಸರಿಟ್ಟರು. ಗ್ರಾಮ ಮುಕ್ತವಾಯಿತೆಂದು ಬರೆಯುವವರು ಕೂಡ ಆ ಎರಡು ಮಾತುಗಳನ್ನೂ ಒಟ್ಟಿಗೆ ನೆನೆಯಬೇ್ಕಾದದ್ದು ಅವಶ್ಯ.